ಟಾಕಿ ಗುಲಾಮಹುಸೇನನ ಮೂಗು

ಗುಡಗೇರಿಯ ಸ್ಟೇಷನ್ ರಸ್ತೆಗೆ ಹೋಗಿ ಗುಲಾಮಹುಸೇನನ ಮನೆ ಯಾವುದು ಎಂದು ಕೇಳಿದರೆ ನಾಲ್ಕು ಮಂದಿ ನಾಲ್ಕು ದಿಕ್ಕು ತೋರಿಸುತ್ತಾರೆ. ಟಾಕಿ ಸಾಬರ ಅಂಗಡಿ ಎಂದು ಕೇಳಿ ನೋಡಿ, ಚಹಾ ಕುಡಿಯುತ್ತಿದ್ದವನು ಬಸಿ ಕೆಳಗಿಟ್ಟು ಎದ್ದು ಬಂದು ಬಾಗಿಲ ತನಕ ಬಿಟ್ಟುಹೋಗುತ್ತಾನೆ. ಮೋಟಾರ್‌ಸೈಕಲ್ಲಿನ ಪೆಟ್ರೋಲ್ ಟ್ಯಾಂಕಿಗೆ ಈ ಕಡೆಯವರು ಟಾಕಿ ಅನ್ನುತ್ತಾರೆ. ಆ ಟಾಕಿಗೆ ತುಕ್ಕು ಹಿಡಿದರೆ, ತೂತು ಬಿದ್ದರೆ, ಎಲ್ಲೋ ಬಿದ್ದು ತಗ್ಗಾದರೆ ಸುತ್ತಲಿನ ಹತ್ತೂರಿನವರು ತರುವುದು ಇವನ ಹತ್ತಿರ. ಎಂಜಿನ್ ಮುಟ್ಟುವುದಿಲ್ಲ, ಪಂಚರ್ ತೆಗೆಯುವುದಿಲ್ಲ. ಮೂವತ್ತೆಂಟು ವರ್ಷದಿಂದ ಟಾಕಿ, ಬರೀ ಟಾಕಿ.

ಅವನು ಹೆಸರಾದದ್ದು ಕೈಯಿಂದಲ್ಲ, ಮೂಗಿನಿಂದ. ಮುಚ್ಚಳ ತೆಗೆದು ಒಮ್ಮೆ ಮೂಸಿದರೆ ಸಾಕು, ಒಳಗಿರುವುದು ಹೊಸ ಪೆಟ್ರೋಲೋ, ಆರು ತಿಂಗಳು ಕೊಳೆತದ್ದೋ, ತಳಕ್ಕೆ ನೀರು ಇಳಿದಿದೆಯೋ ಎಲ್ಲ ಹೇಳುತ್ತಿದ್ದ. ಒಮ್ಮೆ ಬಮ್ಮಿಗಟ್ಟಿಯ ಕಡೆಯವನೊಬ್ಬ ಗಾಡಿ ತಂದು, ಪಂಪಿನವರೇ ಕೆಟ್ಟ ಪೆಟ್ರೋಲ್ ಹಾಕಿದ್ದಾರೆ ಎಂದು ಹತ್ತು ಮಂದಿಯ ಮುಂದೆ ಬೈಯತೊಡಗಿದ್ದ. ಗುಲಾಮಹುಸೇನ ಮೂಸಿ ನೋಡಿ, "ಇದು ಪಂಪಿನ ತಪ್ಪಲ್ರಿ. ನಿಮ್ಮ ಮನಿ ಚಿಮಣಿ ಎಣ್ಣಿ ಐತಿ ಇದರಾಗ. ಅದೂ ಹೊಗಿ ಹಿಡಿದ ಡಬ್ಬಿಯಾಗಿಂದು" ಎಂದ. ಆ ಮನುಷ್ಯ ಗಾಡಿ ತಳ್ಳಿಕೊಂಡು ಬಂದ ದಾರಿ ಹಿಡಿದ. ಅಂದಿನಿಂದ ಊರವರು ಗುಲಾಮಹುಸೇನನಿಗೆ ಮೂಗಿನ ಸಾಹೇಬ ಎಂದೂ ಕರೆದರು. ಅವನು ಮೇಲೆ ಮೇಲೆ ಬೇಡ ಅನ್ನುತ್ತಿದ್ದ, ಒಳಗೊಳಗೆ ಹಿಗ್ಗುತ್ತಿದ್ದ.

ಊರಿಗೆ ಗೊತ್ತಿಲ್ಲದ ಸಂಗತಿ ಏನೆಂದರೆ ಮೂಗಿನ ಸಾಹೇಬ ದೊಡ್ಡ ಅಂಜುಬುರುಕ. ನಗುವವರು ನಗಲಿ. ಬೆಂಕಿಯ ಕೆಲಸದಲ್ಲಿ ಅಂಜದವನು ಯಾರು ಅಂತ ಕೇಳಿದರೆ, ಇನ್ನೂ ಬೆಂಕಿ ಮುಟ್ಟದವನು ಅಂತಲೇ ನಾನು ಹೇಳುತ್ತೇನೆ. ಗುಲಾಮಹುಸೇನ ಹದಿನೆಂಟನೆಯ ವಯಸ್ಸಿನಲ್ಲಿ ಹುಬ್ಬಳ್ಳಿಯ ಜಹೀರ್ ಉಸ್ತಾದನ ಹತ್ತಿರ ಕೆಲಸ ಕಲಿಯಲು ಹೋಗಿದ್ದ. ಉಸ್ತಾದ ಕಲಿಸಿದ ಮೊದಲ ಪಾಠ ಇಷ್ಟು. ಖಾಲಿ ಟಾಕಿ ತುಂಬಿದ ಟಾಕಿಗಿಂತ ಕೆಟ್ಟದ್ದು, ಯಾಕೆಂದರೆ ಪೆಟ್ರೋಲ್ ಹೋದರೂ ಅದರ ಹಬೆ ತುಕ್ಕಿನ ಪದರಿನಲ್ಲಿ ಅಡಗಿ ಕೂತಿರುತ್ತದೆ. ತೂತು ಬೆಸೆಯಲು ಬೆಂಕಿ ಹಚ್ಚುವ ಮೊದಲು ಟಾಕಿಗೆ ನೀರು ತುಂಬಬೇಕು. ಆದರೆ ಟಾಕಿ ಗಾಡಿಯ ಬೆನ್ನಿನ ಮೇಲೆ ಹೇರು ಹಾಕಿದಂತೆ ಎರಡೂ ಕಡೆ ಇಳಿಬಿದ್ದಿರುತ್ತದೆ. ತಲೆಕೆಳಗು ಮಾಡಿ ನೀರು ತುಂಬಿದರೆ ಒಂದು ಮಗ್ಗಲು ತುಂಬುತ್ತದೆ, ಇನ್ನೊಂದು ಮಗ್ಗಲಿನಲ್ಲಿ ಒಂದು ಬೊಗಸೆ ಗಾಳಿ ಉಳಿದೇ ಉಳಿಯುತ್ತದೆ. ಆ ಬೊಗಸೆ ಗಾಳಿಯಲ್ಲಿ ಏನಿದೆ ಎಂದು ಹೇಳುವುದು ಮೂಗು ಮಾತ್ರ.

ಉಸ್ತಾದನಿಗೆ ಒಂದು ದಿನ ನೆಗಡಿಯಾಗಿತ್ತು. ಅಷ್ಟೇ. ನೆಗಡಿ ಯಾರಿಗೆ ಆಗುವುದಿಲ್ಲ? ಮೂಸಿದ, ಏನೂ ಇಲ್ಲ ಎಂದ, ಬೆಂಕಿ ಹಚ್ಚಿದ. ಗುಲಾಮಹುಸೇನ ಬಾಜೂಕ ನೀರಿನ ಬಕೆಟ್ ಹಿಡಿದು ನಿಂತಿದ್ದ. ಮುಂದೆ ಆದದ್ದನ್ನು ಅವನು ಹೆಂಡತಿಗೂ ಪೂರ್ತಿ ಹೇಳಿಲ್ಲ. ದವಾಖಾನೆಯಲ್ಲಿ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದ ಉಸ್ತಾದ ಇವನ ಕೈ ತಡಕಾಡಿ ಹಿಡಿದು, "ಮೂಗಿಲ್ಲದವ ಈ ಕೆಲಸಕ್ಕ ಕೈ ಹಾಕಬಾರದು ಬೇಟಾ. ನೆಗಡಿ ಬಂದ ದಿನ ಅಂಗಡಿ ಬಾಗಲಾ ಹಾಕು" ಎಂದಿದ್ದ. ಆ ಪಟ್ಟಿ ಬಿಚ್ಚಿದ ಮೇಲೂ ಉಸ್ತಾದನಿಗೆ ಏನೂ ಕಾಣಲಿಲ್ಲ. ಗುಲಾಮಹುಸೇನ ಮಾತ್ರ ಮೂವತ್ತು ವರ್ಷ ನೆಗಡಿ ಬಂದಾಗೆಲ್ಲ ಬಾಗಿಲು ಹಾಕಿದ. ಗಿರಾಕಿಗಳು ಮಳೆಗಾಲದಲ್ಲಿ ಇವನು ಮದುವೆ ಮುಂಜಿ ಅಂತ ಊರೂರು ತಿರುಗುತ್ತಾನೆ ಅಂದುಕೊಂಡರು.

ಆಮೇಲೆ ಆ ಜ್ವರದ ವರ್ಷ ಬಂತು. ಊರಿಗೆ ಊರೇ ಮೂಗಿಗೆ ಬಟ್ಟೆ ಕಟ್ಟಿಕೊಂಡ ವರ್ಷ. ಗುಲಾಮಹುಸೇನ ಹದಿನೈದು ದಿನ ಮಲಗಿದ, ಎದ್ದ. ಬದುಕಿಬಂದದ್ದಕ್ಕೆ ಹೆಂಡತಿ ಅಮೀರಬಿ ದರ್ಗಾಕ್ಕೆ ಹೋಗಿ ಸಕ್ಕರೆ ಹಂಚಿದಳು. ಅಂಗಡಿ ತೆರೆದ ಮೊದಲ ದಿನ ಗುಲಾಮಹುಸೇನ ಬೆಸುಗೆಯ ಗ್ಯಾಸು ಹುಟ್ಟಿಸುವ ಕಾರ್ಬೈಡ್ ಡಬ್ಬಿಯ ಮುಚ್ಚಳ ಬಿಚ್ಚಿದ. ಆ ನಾತಕ್ಕೆ ಬೀದಿಯಲ್ಲಿ ಹೋಗುವವರೂ ಮುಖ ತಿರುವುತ್ತಾರೆ. ಇವನಿಗೆ ಏನೂ ಬರಲಿಲ್ಲ. ಪೆಟ್ರೋಲಿನ ಬಾಟಲಿ ತೆಗೆದು ಮೂಗಿನ ಕೆಳಗೆ ಹಿಡಿದ. ನೀರು ಮೂಸಿದಂತಾಯಿತು. ಅಂಗೈಗೆ ಸುರಿದುಕೊಂಡು ಮೂಸಿದ, ಅಂಗೈ ತಣ್ಣಗಾಯಿತು, ಅಷ್ಟೇ. ಅಲ್ಲೇ ಟಾಕಿಗಳ ನಡುವೆ ಕೂತುಬಿಟ್ಟ.

ಡಾಕ್ಟರು ಕೆಲವರಿಗೆ ಬೇಗ ಬರುತ್ತದೆ, ಕೆಲವರಿಗೆ ತಡ, ಕಾಯಿರಿ ಅಂದರು. ಕಾದ. ದಿನಾ ಬೆಳಿಗ್ಗೆ ನಮಾಜು ಮುಗಿಸಿ ಅಂಗಡಿಗೆ ಬಂದು ಮೊದಲು ಆ ಬಾಟಲಿ ಮೂಸುತ್ತಿದ್ದ. ಒಂದು ವರ್ಷ ಹೋಯಿತು, ಎರಡು ಹೋಯಿತು, ಈಗ ನಾಲ್ಕು. ಬರಲಿಲ್ಲ.

ಕೆಲಸ ಬಿಟ್ಟುಬಿಡಬೇಕಿತ್ತು. ಅದನ್ನು ನಾನು ಹೇಳಬಹುದು, ನೀವು ಹೇಳಬಹುದು. ಐವತ್ತೆರಡರ ಮನುಷ್ಯ, ಒಂದೇ ಕೆಲಸ ಬಲ್ಲವನು, ಒಂದೇ ಹೆಸರಿನಿಂದ ಊರಿಗೆ ಗೊತ್ತಿದ್ದವನು, ನನಗೆ ಮೂಗಿಲ್ಲ ಎಂದು ಯಾವ ಬಾಯಿಂದ ಹೇಳಬೇಕು? ಇವತ್ತು ಬರಬಹುದು, ನಾಳೆ ಬರಬಹುದು ಎನ್ನುತ್ತ ಮುಚ್ಚಿಟ್ಟ. ಮುಚ್ಚಿಟ್ಟದ್ದನ್ನು ಕಾಯುವುದೇ ಒಂದು ಕೆಲಸವಾಯಿತು. ಒಮ್ಮೆ ಒಲೆಯ ಮೇಲೆ ಹಾಲು ಉಕ್ಕಿ ಸೀದು ಮನೆಯೆಲ್ಲ ಹೊಗೆ ತುಂಬಿದಾಗ ಇವನು ಎರಡು ಮಾರು ದೂರದಲ್ಲಿ ಕೂತು ಅಡಿಕೆ ಕತ್ತರಿಸುತ್ತಿದ್ದ. "ಏನ್ರೀ, ಮೂಗಿಗೆ ಬೀಗ ಹಾಕಿಕೊಂಡೀರೇನು?" ಎಂದು ಅಮೀರಬಿ ಬೈದಳು. ಏನೋ ವಿಚಾರ ಮಾಡುತ್ತಿದ್ದೆ ಎಂದು ಜಾರಿಕೊಂಡ. ಅವಳು ಅಡಿಗೆ ಬಡಿಸಿದಾಗೆಲ್ಲ ಘಮಘಮ ಅನ್ನುತ್ತದೆ ಎಂದು ಕೇಳದೆಯೇ ಹೇಳತೊಡಗಿದ. ಮದುವೆಯಾದ ಮೂವತ್ತು ವರ್ಷದಲ್ಲಿ ಇಷ್ಟು ಹೊಗಳಿಸಿಕೊಳ್ಳದ ಹೆಂಗಸು ಖುಷಿಯಾಗಿ ಇನ್ನೊಂದು ಸೌಟು ಹಾಕುತ್ತಿದ್ದಳು.

ಅಂಗಡಿಯಲ್ಲಿ ಅಷ್ಟು ಸುಲಭವಿರಲಿಲ್ಲ. ಮೊದಲು ಒಂದು ಸಲ ತೊಳೆಯುತ್ತಿದ್ದ ಟಾಕಿಯನ್ನು ಈಗ ಬಿಸಿನೀರು, ಸಾಬೂನಪುಡಿ ಹಾಕಿ ಮೂರು ಸಲ ತೊಳೆದ. ಒಂದು ದಿನ ಬಿಸಿಲಿಗಿಡುತ್ತಿದ್ದದ್ದನ್ನು ನಾಲ್ಕು ದಿನ ಇಟ್ಟ. ಬೆಂಕಿ ಹಚ್ಚುವ ಮೊದಲು ಗಿರಾಕಿಯ ಮುಂದೆ ಟಾಕಿ ಹಿಡಿದು, "ಮೂಸ್ರಿ ನೋಡೂಣು, ಏನ ವಾಸನಿ ಬರತೈತಿ ಹೇಳ್ರಿ" ಎಂದು ಪರೀಕ್ಷೆ ಮಾಡುವವರಂತೆ ನಗುತ್ತಿದ್ದ. ಗಿರಾಕಿಗಳಿಗೆ ಅದೊಂದು ಮೋಜು. ಮೂಸಿ, ಪೆಟ್ರೋಲ್ ಬರುತ್ತದೆ ಅಂದರೆ "ಶಾಬಾಶ್, ಕಲತ್ರಿ" ಎಂದು ಬೆನ್ನು ತಟ್ಟಿ ಟಾಕಿಯನ್ನು ಮತ್ತೆ ಬಿಸಿಲಿಗೆ ಇಡುತ್ತಿದ್ದ. ಏನೂ ಇಲ್ಲ ಅಂದರೆ, ಹೌದು ಅನ್ನುವ ಹಾಗೆ ತಲೆಯಾಡಿಸಿ, ಬಿಸ್ಮಿಲ್ಲಾ ಎಂದು, ಜೀವ ಅಂಗೈಯಲ್ಲಿ ಹಿಡಿದು ಬೆಂಕಿ ಹಚ್ಚುತ್ತಿದ್ದ. ಪ್ರತಿ ಸಲ. ಬೆಂಕಿ ತಗಲಿದ ಕ್ಷಣ ಕಣ್ಣು ತಾವಾಗಿ ಮುಚ್ಚುತ್ತಿದ್ದವು. ಆರಿಸಿದ ಮೇಲೆ ಹಿಂದಿನ ಗೋಡೆಯ ಮರೆಗೆ ಹೋಗಿ ಐದು ನಿಮಿಷ ನಿಂತು ಬರುತ್ತಿದ್ದ. ಸಾಬರಿಗೆ ವಯಸ್ಸಾಯಿತು, ಕೆಲಸ ನಿಧಾನವಾಯಿತು ಎಂದು ಊರವರು ಆಡಿಕೊಂಡರು.

ಈ ವರ್ಷ ಶ್ರಾವಣದಲ್ಲಿ ಯರಗುಪ್ಪಿಯ ಸಂಗನಬಸವ ಬಂದ. ನಲವತ್ತರ ಆಸುಪಾಸಿನವನು. ಹೊಲ ಇದೆ, ನಾಲ್ಕು ಎಮ್ಮೆ ಇವೆ. ದಿನಾ ಬೆಳಿಗ್ಗೆ ಹಳೆಯ ಗಾಡಿಯ ಎರಡೂ ಬದಿಗೆ ಕ್ಯಾನು ಕಟ್ಟಿಕೊಂಡು ತನ್ನದೂ ಬಾಜೂಕಿನವರದೂ ಹಾಲು ಒಯ್ದು ಹಾಕುತ್ತಾನೆ. ಹಣೆಯ ತುಂಬ ವಿಭೂತಿ, ಅಂಗಿಯ ಜೇಬಿನಲ್ಲಿ ತಪಕೀರಿನ ಡಬ್ಬಿ. ಮಾತಿಗೊಮ್ಮೆ ಚಿಟಿಕೆ ತಪಕೀರು ಮೂಗಿಗೇರಿಸದಿದ್ದರೆ ಅವನಿಗೆ ಮುಂದಿನ ಮಾತು ಹೊರಡುವುದಿಲ್ಲ.

"ಕಾಕಾ, ಗಾಡಿ ನಡುದಾರಿಯಾಗ ನಿಲ್ಲತೈತ್ರಿ. ನಾಕು ಸಲ ಕಾರ್ಬೊರೇಟರ್ ಬಿಚ್ಚಿಸಿದೆ. ಬಿಚ್ಚಿದಾಗೊಮ್ಮೆ ಕೆಂಪು ಮಣ್ಣು ಬರತೈತಿ."

ಗುಲಾಮಹುಸೇನ ಟಾಕಿಯೊಳಗೆ ಬ್ಯಾಟರಿ ಹಿಡಿದು ನೋಡಿದ. ಒಳಗೆಲ್ಲ ಕೆಂಪಗೆ ಹೊಪ್ಪಳಿಕೆ ಎದ್ದಿತ್ತು. ಕೆಳಗೆ ಪೆಟ್ರೋಲ್ ಕಾಕ್ ಕೂಡಿಸುವ ಅಂಚಿನಲ್ಲಿ ಸಾಸಿವೆಕಾಳಿನಷ್ಟು ತೂತು. ಮುಚ್ಚಳದ ಸುತ್ತ ಕುಂಕುಮ, ಬೀಗದ ಕಿಂಡಿಯಲ್ಲಿ ಒಣಗಿದ ಕಾಯಿಯ ನಾರು.

"ಅಮಾಸಿಗೆ ಕಾಯಿ ಎಲ್ಲಿ ಒಡೀತೀರಿ?"

"ಟಾಕಿ ಮ್ಯಾಲರಿ. ನಮ್ಮಪ್ಪನ ಕಾಲದಾಗಿಂದ ಎತ್ತಿನ ಕೊಂಬಿಗೆ ಎಳನೀರು ಹಾಕೂ ರೂಢಿ. ಈಗ ಗಾಡೀನ ಎತ್ತಲ್ರಿ ನಮಗ? ಒಂದ ಅಮಾಸಿ ತಪ್ಪಿಸಿಲ್ಲ."

"ಎತ್ತು ಮೈ ಝಾಡಿಸತಿತ್ತು ಸಂಗಣ್ಣಾರ. ಇದು ಕುಡದೈತಿ. ಕಾಯಿನೀರು ಕಿಂಡಿಯಾಗಿಂದ ಇಳದು ತಳಾ ಸೇರಿ ಜಂಗ್ ಹಿಡಿಸೈತಿ. ನಿಮ್ಮ ಭಕ್ತೀನ ಟಾಕಿ ತಿಂದೈತ್ರಿ."

ಇಬ್ಬರೂ ನಕ್ಕರು.

ತುಕ್ಕು ತೆಗೆಯುವುದನ್ನು ಗುಲಾಮಹುಸೇನ ಗಿರಾಕಿಗಳಿಗೇ ಬಿಡುತ್ತಾನೆ. ಅದು ಅವನ ಹಳೆಯ ಪದ್ಧತಿ. ಟಾಕಿ ತುಂಬ ಹುಣಸೆಹುಳಿ ಕಲಸಿದ ನೀರು ಹಾಕಿ ಮೂರು ದಿನ ಇಡಬೇಕು. ಹುಳಿ ತುಕ್ಕನ್ನು ಸಡಿಲ ಮಾಡುತ್ತದೆ. ಆಮೇಲೆ ಸೈಕಲ್ಲಿನ ಹಳೆಯ ಚೈನಿನ ತುಂಡು, ಒಂದು ಬೊಗಸೆ ಗರಸುಕಲ್ಲು ಒಳಗೆ ಹಾಕಿ, ಟಾಕಿಗೆ ಕೌದಿ ಸುತ್ತಿ, ಟ್ರ್ಯಾಕ್ಟರಿನ ದೊಡ್ಡ ಗಾಲಿಗೆ ಬಿಗಿದು, ಹೊಲದ ಸುತ್ತ ಸಾವಕಾಶ ನಾಲ್ಕು ಸುತ್ತು ಹೊಡೆಯಬೇಕು. ಗಾಲಿ ಉರುಳಿದಂತೆ ಚೈನು ಒಳಗೆ ಬಡಿದು ತುಕ್ಕೆಲ್ಲ ಉದುರುತ್ತದೆ. ಕೊನೆಗೆ ಸಾಬೂನು ನೀರಿನಲ್ಲಿ ತೊಳೆದು, ಒಣಗಿಸಿ ತಂದರೆ ಇವನು ತೂತು ಬೆಸೆಯುತ್ತಾನೆ. ಸಂಗನಬಸವ ಚಾಚೂ ತಪ್ಪದೆ ಎಲ್ಲ ಮಾಡಿದ. ಎಮ್ಮೆ ಮೈ ತಿಕ್ಕುವವನಿಗೆ ತಿಕ್ಕುವುದನ್ನು ಯಾರು ಕಲಿಸಬೇಕು? ಟಾಕಿಯ ಒಳಗು ಹೊಸ ಕೊಡದಂತೆ ಹೊಳೆಯಿತು.

ಹೊಳೆದದ್ದೇ ತಪ್ಪಾಯಿತು. ತಿಕ್ಕಿದ ಕಬ್ಬಿಣ ತಾಸೊಪ್ಪತ್ತಿನಲ್ಲಿ ಮತ್ತೆ ಕೆಂಪಾಗತೊಡಗುತ್ತದೆ. ಹಾಗೆ ಕೆಂಪಾಗುವುದನ್ನು ಕಂಡು ಸಂಗನಬಸವ, ಮಾಡಿದ್ದೆಲ್ಲ ನೀರಲ್ಲಿ ಹೋಮವಾಯಿತಲ್ಲ ಎಂದು ಕುಂದಗೋಳದ ಸೋದರಳಿಯನಿಗೆ ಫೋನು ಹಚ್ಚಿದ. ಅಳಿಯ, ಅರ್ಧ ಲೀಟರ್ ಪೆಟ್ರೋಲ್ ಹಾಕಿ ಒಳಗೆಲ್ಲ ಆಡಿಸಿ ಚೆಲ್ಲಿಬಿಡು ಮಾವಾ, ಜಂಗ್ ಹಿಡಿಯುವುದಿಲ್ಲ ಎಂದ. ಅಳಿಯ ಹೇಳಿದ್ದು ಸುಳ್ಳಲ್ಲ. ಬೆಸುಗೆ ಬೇಕಿಲ್ಲದ ಟಾಕಿಗೆ ಅದೇ ಸರಿಯಾದ ಉಪಾಯ. ಸಂಗನಬಸವ ಹಾಗೇ ಮಾಡಿ, ಮುಚ್ಚಳ ಬಿಗಿದು, ಮರುದಿನ ಬೆಳಿಗ್ಗೆ ಟಾಕಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದ.

ಆ ದಿನ ಗುಡಗೇರಿಯಲ್ಲಿ ಜಿಟಿಜಿಟಿ ಮಳೆ. ಗುಲಾಮಹುಸೇನ ಅಂಗಡಿಯ ತಗಡಿನ ಕೆಳಗೆ ಟಾಕಿ ತಿರುವಿ ನೋಡಿದ. ಇಷ್ಟು ಚೊಕ್ಕ ಮಾಡಿ ತಂದವರು ಇರಲಿಲ್ಲ.

"ತೊಳದೀರಿ?"

"ತೊಳದ ತಂದೇನ್ರಿ. ಅಗದಿ ಕನ್ನಡಿ ಆಗೈತಿ."

ಏನು ಹಾಕಿ ತೊಳೆದೆ, ಕೊನೆಗೆ ಏನು ಹಾಕಿದೆ, ಎಂದು ಕೇಳಲಿಲ್ಲ. ಮೂವತ್ತು ವರ್ಷ ಆ ಪ್ರಶ್ನೆಗಳನ್ನೆಲ್ಲ ಮೂಗೇ ಕೇಳಿಕೊಳ್ಳುತ್ತಿತ್ತು. ಬಾಯಿಗೆ ಕೇಳುವ ರೂಢಿ ಬಿದ್ದಿರಲಿಲ್ಲ.

"ನಾಕು ದಿನ ಇಟ್ಟು ಹೋಗ್ರಿ. ಬಿಸಿಲು ಬಿದ್ದ ಮ್ಯಾಲ ಮಾಡತೀನಿ."

ಸಂಗನಬಸವನ ಮುಖ ಇಳಿಯಿತು. "ಬಿಸಿಲ ಎಲ್ಲೈತ್ರಿ ಕಾಕಾ ಈ ಶ್ರಾವಣದಾಗ? ಮಂದಿ ಗಾಡಿ ಇಸಕೊಂಡು ಹಾಲು ಹಾಕಾಕತ್ತು ಒಂಬತ್ತು ದಿನ ಆತು. ಅವರು ಮಾರಿ ತಿರುವತಾರ. ಇವತ್ತ ಮಾಡಿಕೊಡ್ರಿ. ನಿಮ್ಮ ಮೂಗಿನ ಮುಂದ ಬಿಸಿಲ ಯಾಕ ಬೇಕು?"

ಮೂಗಿನ ಮಾತು ಬಂದರೆ ಗುಲಾಮಹುಸೇನನಿಗೆ ಮುಂದೆ ಮಾತಾಡಲು ಆಗುತ್ತಿರಲಿಲ್ಲ. ಇಲ್ಲ ಅಂದರೆ ಯಾಕೆ ಅನ್ನುತ್ತಾರೆ. ಯಾಕೆ ಅಂದರೆ ಏನು ಹೇಳುವುದು? ಅವನು ಮುಚ್ಚಳ ತೆಗೆದು ಟಾಕಿಯನ್ನು ಸಂಗನಬಸವನ ಮುಖದ ಹತ್ತಿರ ಹಿಡಿದ.

"ನೀವ ಮೂಸಿ ಹೇಳ್ರಿ ಹಂಗಾದ್ರ. ಏನ ಬರತೈತಿ?"

ಸಂಗನಬಸವ ಮೂಗು ಒಳಗೆ ತೂರಿಸಿ ಉದ್ದಕ್ಕೆ ಎಳೆದ. ಇಪ್ಪತ್ತು ವರ್ಷ ತಪಕೀರು ತಿಂದ ಮೂಗದು. ಹೆಂಡತಿ ಸೊಪ್ಪು ಬೇಯಿಸಿದ್ದಾಳೋ ಸಗಣಿ ತಟ್ಟಿದ್ದಾಳೋ ಅದಕ್ಕೆ ತಿಳಿಯುತ್ತಿರಲಿಲ್ಲ. ಅದನ್ನು ಅವನೇನು ಹೇಳಿಕೊಂಡು ತಿರುಗುತ್ತಾನೆಯೇ? ಸಾಹೇಬರು ಚೇಷ್ಟೆ ಮಾಡುತ್ತಿದ್ದಾರೆ, ಅವರಿಗೆ ಗೊತ್ತಿದ್ದದ್ದೇ ಅಂದುಕೊಂಡ.

"ಏನೂ ಇಲ್ರಿ."

ಗುಲಾಮಹುಸೇನ ತಾನೂ ಒಮ್ಮೆ ಮೂಸಿ, ಹೌದೆಂದು ತಲೆಯಾಡಿಸಿದ.

ಟಾಕಿಯನ್ನು ತಲೆಕೆಳಗು ಮಾಡಿ ಉಸುಕು ತುಂಬಿದ ಬುಟ್ಟಿಯ ಮೇಲೆ ಕೂಡಿಸಿದ. ನೀರು ಹಾಕಿದ. ತೂತಿದ್ದ ಮಗ್ಗಲು ಅಂಚಿನ ತನಕ ತುಂಬಿತು. ನೀರಿನ ಭಾರಕ್ಕೆ ಟಾಕಿ ವಾಲಿತು. ಸಂಗನಬಸವ ಹಿಡಿಯುತ್ತೇನೆ ಎಂದು ಮುಂದೆ ಕುಕ್ಕರಗಾಲಲ್ಲಿ ಕೂತ.

"ಮಾರಿ ಆ ಕಡೆ ಮಾಡ್ರಿ. ಹಿಂದ ಸರೀರಿ. ಇನ್ನೂ ಹಿಂದ."

"ಹಿಡಿಯೂದು ಹೆಂಗ್ರಿ ಮತ್ತ?"

ಗುಲಾಮಹುಸೇನ ಗ್ಯಾಸು ಬಿಟ್ಟು ಬೆಂಕಿ ಹಚ್ಚಿದ. ನಳಿಗೆಯ ತುದಿಯಲ್ಲಿ ನೀಲಿ ಜ್ವಾಲೆ ಬುಸುಗುಟ್ಟಿತು. ಅಷ್ಟರಲ್ಲಿ ಸಂಗನಬಸವ ಒಂದು ಕೈ ಟಾಕಿಯ ಮೇಲಿಟ್ಟುಕೊಂಡೇ ಇನ್ನೊಂದು ಕೈಯಿಂದ ಜೇಬಿನ ಡಬ್ಬಿ ತೆಗೆದು, ಹೆಬ್ಬೆರಳಿನಿಂದ ಮುಚ್ಚಳ ಸರಿಸಿ, ಚಿಟಿಕೆ ತಪಕೀರು ಮೂಗಿಗೇರಿಸಿದ.

ಗುಲಾಮಹುಸೇನ ಅದನ್ನು ಕಂಡ. ಇವನ ಮೂಗಿಗೂ ಏನೂ ಬರುವುದಿಲ್ಲವೇನೋ ಎಂಬ ಮಾತು ಅವನ ತಲೆಯಲ್ಲಿ ಪೂರ್ತಿ ಮೂಡಿತು, ಅರ್ಧಂಬರ್ಧ ಅಲ್ಲ. ಬೆಂಕಿ ಆರಿಸಬಹುದಿತ್ತು. ಗ್ಯಾಸಿನ ಕೀಲಿ ಹೆಬ್ಬೆರಳಿನ ಕೆಳಗೇ ಇತ್ತು. ಆರಿಸಿದರೆ ಯಾಕೆ ಆರಿಸಿದಿರಿ ಎಂದು ಕೇಳುತ್ತಾನೆ. ನೀರು ಹಾಕಿದೆಯಲ್ಲ, ಅಷ್ಟು ತೊಳೆದು ತಂದಿದ್ದಾನಲ್ಲ, ನಾಲ್ಕು ವರ್ಷ ಏನೂ ಆಗಿಲ್ಲವಲ್ಲ. ಬಿಸ್ಮಿಲ್ಲಾ ಎಂದು ಜ್ವಾಲೆಯನ್ನು ತೂತಿನ ಅಂಚಿಗೆ ಹಿಡಿದ. ಕಬ್ಬಿಣ ಕಪ್ಪಾಯಿತು, ಕೆಂಪಾಯಿತು. ಹಿತ್ತಾಳೆಯ ಕಡ್ಡಿ ಕರಗಿ ಒಂದು ಹನಿ ಬಿತ್ತು. ಹೇಗೆ ಕೂಡುತ್ತದೆ ನೋಡೋಣ ಎಂದು ಸಂಗನಬಸವ ಮುಖ ಮುಂದೆ ಮಾಡಿದ.

ಸಪ್ಪಳ ದೊಡ್ಡದಾಗಿರಲಿಲ್ಲ. ಗೋಡೆಯ ಆಚೆ ಯಾರೋ ಜೋಳದ ಚೀಲ ಕೆಡವಿದಂತೆ ಧಪ್ ಎಂದಿತು. ಟಾಕಿ ಉಬ್ಬಿ ಬುಟ್ಟಿಯಿಂದ ಮೇಲಕ್ಕೆ ನೆಗೆಯಿತು. ಬಿಸಿನೀರು, ಹಬೆ, ಒಂದು ನಾಲಗೆ ಬೆಂಕಿ ಒಟ್ಟಿಗೆ ಹೊರಗೆ ಬಂದವು. ಗುಲಾಮಹುಸೇನ ಹಿಂದಕ್ಕೆ ಬಿದ್ದ. ಬಿದ್ದಲ್ಲಿಂದಲೇ ಗ್ಯಾಸಿನ ಕೀಲಿ ತಿರುವಿದ. ಕಿವಿಯಲ್ಲಿ ಜೀರುಂಡೆ ಕೂಗಿದಂತೆ ಒಂದೇ ಸಪ್ಪಳ, ಬೇರೇನೂ ಕೇಳಿಸುತ್ತಿರಲಿಲ್ಲ. ಬಲಗೈ ಉರಿಯುತ್ತಿತ್ತು. ಅದನ್ನು ಅವನು ನೋಡಲಿಲ್ಲ. ಸಂಗನಬಸವ ಕೆಸರಿನಲ್ಲಿ ಬೋರಲಾಗಿ ಬಿದ್ದಿದ್ದ. ಅಲುಗುತ್ತಿರಲಿಲ್ಲ.

ಗುಲಾಮಹುಸೇನ ಅಂಬೆಗಾಲಲ್ಲೇ ಹೋಗಿ ಅವನನ್ನು ಅಂಗಾತ ಮಾಡಿದ. ಮುಖದ ತುಂಬ ಕೆಸರು, ಮುಂದಲೆಯ ಕೂದಲು ಸುಟ್ಟು ಮುದುಡಿತ್ತು. ಕಣ್ಣು ಮುಚ್ಚಿದ್ದವು.

"ಕಣ್ಣ ತಗೀರಿ! ಸಂಗಣ್ಣಾ, ಕಣ್ಣ ತಗಿಯೋ! ಕಣ್ಣ ತಗಿಯೋ ನಮ್ಮಪ್ಪಾ!"

ತನ್ನ ಕೂಗು ತನಗೇ ಕೇಳದಷ್ಟು ದೊಡ್ಡದಾಗಿ ಕೂಗಿದ. ಬಕೆಟ್ಟಿನ ನೀರು ಎಳೆದುಕೊಂಡು ಬೊಗಸೆ ಬೊಗಸೆ ಮುಖಕ್ಕೆ ಹಾಕಿದ. ಎಷ್ಟು ಹೊತ್ತೋ. ಅವನ ಲೆಕ್ಕದಲ್ಲಿ ಅದು ಇಡೀ ಆಯುಷ್ಯ. ಸಂಗನಬಸವ ಕೆಮ್ಮಿದ. ಒಂದು ಕಣ್ಣು ತೆರೆದ, ಆಮೇಲೆ ಇನ್ನೊಂದು. ಎರಡೂ ಕಣ್ಣು ಕೆಂಪಗೆ, ಒದ್ದೆಯಾಗಿ, ಇವನ ಮುಖವನ್ನೇ ನೋಡುತ್ತಿದ್ದವು.

"ಕಾಣತೈತೇನು? ನನ್ನ ಮಾರಿ ಕಾಣತೈತೇನು?"

"ಕಾಣತೈತ್ರಿ ಕಾಕಾ... ನಿಮ್ಮ ಹುಬ್ಬ ಎಲ್ಲಿ ಹೋದವ್ರಿ?"

ಗುಲಾಮಹುಸೇನ ಅಳತೊಡಗಿದ.

ಅಷ್ಟರಲ್ಲಿ ಜನ ಕೂಡಿದ್ದರು. ಎದುರಿನ ಚಹಾದಂಗಡಿಯ ಅಮೋಘಸಿದ್ದಪ್ಪ ಕೈಯಲ್ಲಿ ಜರಡಿ ಹಿಡಿದುಕೊಂಡೇ ಓಡಿಬಂದಿದ್ದ. ಅಂಗಡಿಯ ಹಿಂದಿನ ಮನೆಯಿಂದ ಅಮೀರಬಿ ಬಂದು, ಗಂಡನ ಸುಟ್ಟ ಕೈಯನ್ನು ತನ್ನ ಒದ್ದೆ ಸೆರಗಿನಲ್ಲಿ ಸುತ್ತಿ ಹಿಡಿದು ನಿಂತಿದ್ದಳು. ಸಂಗನಬಸವ ಎದ್ದು ಕೂತು, ಉಬ್ಬಿದ ಟಾಕಿಯನ್ನು ನೋಡಿದ. ಅವನಿಗೆ ಆಗ ಹೊಳೆಯಿತು. ಎರಡೂ ಕೈಯಿಂದ ತಲೆ ಬಡಿದುಕೊಂಡ.

"ತಪ್ಪ ನಂದ್ರಿ. ನಂದ ತಪ್ಪು. ಜಂಗ್ ಹಿಡದೀತಂತ ನಿನ್ನೆ ಸಂಜೀಕ ಅರ್ಧ ಲೀಟರ್ ಪೆಟ್ರೋಲ್ ಆಡಿಸಿ ಚೆಲ್ಲಿದ್ದೆ. ಹೇಳೂದ ಮರತೆ."

ಜನರಿಗೆ ಬೇಕಾದದ್ದು ಸಿಕ್ಕಿತು. ಎಲ್ಲರೂ ಅವನ ಮೇಲೆ ಬಿದ್ದರು.

"ಅಲ್ಲಲೇ, ಬುದ್ಧಿ ಐತೇನು ನಿನಗ? ಪೆಟ್ರೋಲ್ ಹಾಕಿದ ಟಾಕಿ ತಂದು ಬೆಂಕಿ ಮುಂದ ಇಡತೀಯಲ್ಲ!" ಎಂದು ಅಮೋಘಸಿದ್ದಪ್ಪ ಜರಡಿ ಬೀಸಿದ. "ಇಡೀ ಓಣಿ ಹಾರಿಹೋಗತಿತ್ತು. ಸಾಹೇಬ್ರಂಥಾ ಸಾಹೇಬ್ರ ಮೂಗಿಗೂ ಸಿಗದಂಗ ಮಾಡಿ ತಂದಾನ ನೋಡ್ರಿ. ಅವರು ಇದ್ದದ್ದಕ್ಕ ಉಳದಿ. ಬ್ಯಾರೆಯವರ ಕಡೆ ಹೋಗಿದ್ರ ನಿನ್ನ ಹೆಣ ಹೋಗತಿತ್ತು ಊರಿಗೆ."

ಸಂಗನಬಸವ ತಲೆ ತಗ್ಗಿಸಿದ. ಹೌದ್ರಿ, ಹೌದ್ರಿ ಅನ್ನುತ್ತಿದ್ದ. ಮುಂದೆ ಬಂದು ಗುಲಾಮಹುಸೇನನ ಕಾಲು ಮುಟ್ಟಲು ಬಗ್ಗಿದ.

ಗುಲಾಮಹುಸೇನ ಕಾಲು ಹಿಂದೆ ಎಳೆದುಕೊಂಡ. ಬೆಂಕಿ ಆರಿದೆ, ಕಣ್ಣು ಉಳಿದಿವೆ, ಇನ್ನು ಯಾತರ ಅಂಜಿಕೆ? ಆದರೆ ಈಗ ಹಿಡಿದ ಅಂಜಿಕೆ ಹಿಂದಿನದಕ್ಕಿಂತ ದೊಡ್ಡದಾಗಿತ್ತು. ಸುಮ್ಮನಿದ್ದರೆ ಸಾಕು. ತಪ್ಪು ಯಾರದೆಂದು ಎಲ್ಲರೂ ಆಗಲೇ ಹೇಳಿ ಮುಗಿಸಿದ್ದಾರೆ, ತಪ್ಪು ಮಾಡಿದವನೇ ಒಪ್ಪಿಕೊಂಡಿದ್ದಾನೆ. ಹತ್ತು ನಿಮಿಷದಲ್ಲಿ ಮಂದಿ ಚಹಾಕ್ಕೆ ಹೋಗುತ್ತಾರೆ, ಎಂಟು ದಿನದಲ್ಲಿ ಇದು ಮೂಗಿನ ಸಾಹೇಬನ ಇನ್ನೊಂದು ಕಥೆಯಾಗುತ್ತದೆ. ಮತ್ತೆ ಟಾಕಿ ಬರುತ್ತವೆ. ಮತ್ತೊಬ್ಬ ಯಾವನೋ ಮೂಸಿ, ಏನೂ ಇಲ್ಲ ಅನ್ನುತ್ತಾನೆ. ಅವನು ಕೆಸರಿನಲ್ಲಿ ಬೋರಲ ಬಿದ್ದಾಗ ಕಣ್ಣು ತೆರೆಯುತ್ತಾನೆಂದು ಯಾರು ಬರೆದುಕೊಟ್ಟಿದ್ದಾರೆ?

"ಅವಗ ಬೈಬ್ಯಾಡ್ರಿ" ಎಂದ. ಯಾರಿಗೂ ಕೇಳಲಿಲ್ಲ. ಇನ್ನೊಮ್ಮೆ ಜೋರಾಗಿ ಅಂದ. "ಅವಗ ಬೈಬ್ಯಾಡ್ರಿ! ಏನ ಹಾಕಿ ತಂದ್ರೂ ಮೂಸಿ ಹೇಳೂದು ನನ್ನ ಕೆಲಸ. ನನಗ ವಾಸನಿ ಬರೂದಿಲ್ಲ."

ಅಮೋಘಸಿದ್ದಪ್ಪ ನಕ್ಕ. ಸಾಹೇಬ್ರು ದೊಡ್ಡ ಮನಸ್ಸು ಮಾಡಿ ಮೈಮೇಲೆ ಹಾಕಿಕೊಳ್ಳುತ್ತಿದ್ದಾರೆ ಅಂದುಕೊಂಡ.

"ನಗಬ್ಯಾಡ್ರಿ ಸಿದ್ದಪ್ಪಣ್ಣ. ಖರೇನ ಬರೂದಿಲ್ಲ. ಆ ಜ್ವರ ಬಂದು ಹೋತಲ್ಲ, ಅವತ್ತ ಹೋತು. ನಾಕು ವರ್ಷ ಆತು. ಪೆಟ್ರೋಲಿಲ್ಲ, ಹೊಗಿ ಇಲ್ಲ, ಏನೂ ತಿಳಿಯೂದಿಲ್ಲ. ಮಂದಿ ಕಡೆ ಮೂಸಿಸಿ, ನಾನ ಮೂಸಿದಂಗ ಮಾಡತಿದ್ದೆ. ಇವತ್ತ ಈ ಮನಶ್ಯಾನ ಕಣ್ಣ ತಗಿತಿದ್ದೆ."

ನಾಲ್ಕು ವರ್ಷದಲ್ಲಿ ತಮ್ಮ ತಮ್ಮ ಟಾಕಿ ತಂದು ಇಲ್ಲೇ, ಇದೇ ಬುಟ್ಟಿಯ ಮುಂದೆ ಕೂತವರು ಆ ಗುಂಪಿನಲ್ಲಿ ಮೂರ್ನಾಲ್ಕು ಮಂದಿ ಇದ್ದರು. ಅವರಲ್ಲೊಬ್ಬ ತನ್ನ ಗಲ್ಲದ ಮೇಲೆ ಕೈ ಆಡಿಸಿಕೊಂಡ. ಸಂಗನಬಸವ ಎರಡೂ ಅಂಗೈ ತನ್ನ ಕಣ್ಣಿನ ಮೇಲೆ ಇಟ್ಟುಕೊಂಡು, ತೆಗೆದು, ಮತ್ತೆ ನೋಡಿದ. ಅವನಿಗೆ ಅಂಜಿಕೆ ಬಂದದ್ದು ಆಗ.

"ನಾಕು ವರ್ಷ!" ಎಂದ. "ಹೆಂಗ ಮಾಡಿದ್ರಿ ಕಾಕಾ, ನಾಕು ವರ್ಷ?"

"ಅಂಜಿಕೋತ ಮಾಡಿದೆ" ಎಂದ ಗುಲಾಮಹುಸೇನ. "ದಿನಾ ಅಂಜಿಕೋತ."

ಅಮೀರಬಿ ಸೆರಗಿನಲ್ಲಿ ಸುತ್ತಿದ ಅವನ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ. ಅಷ್ಟು ಮಂದಿಯ ಮುಂದೆ, ಗಂಡನ ಹುಬ್ಬಿಲ್ಲದ ಮುಖವನ್ನು ನೋಡುತ್ತ, ಸಿಟ್ಟಿನಿಂದಲೇ ಕೇಳಿದಳು.

"ಒಬ್ಬರ ಯಾಕ ಅಂಜಿದ್ರಿ? ನನಗ ಹೇಳಿದ್ರ ಇಬ್ಬರೂ ಕೂಡಿ ಅಂಜತಿದ್ವಲ್ಲ."